ಹೊಗೆ ತಪಾಸಣೆಗೆ ಮುಂಚಿನ ಹದಿನೈದು ದಿನ

ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸ ಅಳತೆ ನೋಡುವುದು. ಲೇತ್‌ನಿಂದ ಇಳಿದು ಬಂದ ಬಿಡಿಭಾಗಗಳನ್ನು ಪರೀಕ್ಷಿಸಿ, ಸರಿ ಇದ್ದರೆ ಮುಂದಕ್ಕೆ ಬಿಡುತ್ತೇನೆ, ಇಲ್ಲದಿದ್ದರೆ ಕೆಂಪು ಟ್ರೇಗೆ ಹಾಕುತ್ತೇನೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡುವವಳಲ್ಲ ಎಂದು ಅಲ್ಲಿ ನನಗೊಂದು ಹೆಸರಿದೆ. ಅಂಥವಳು ನನ್ನದೇ ಕಾರಿನ ಎಂಜಿನ್ನನ್ನು ಕೆಡಿಸಿಕೊಂಡು, ಅದು ಹೊಗೆ ತಪಾಸಣೆಯಲ್ಲಿ ಪಾಸಾಗುತ್ತದೋ ಇಲ್ಲವೋ ಎಂದು ಹದಿನೈದು ದಿನ ಊಟ ಸೇರದೆ ಒದ್ದಾಡಿದೆ.

ಕಾರು ಹಳೆಯದು, ಪೆಟ್ರೋಲನ್ನು ಗಾಳಿಯಲ್ಲಿ ಬೆರೆಸಿ ಎಂಜಿನ್ನಿಗೆ ಬಿಡುವ ಕಾರ್ಬುರೇಟರ್ ಕಾಲದ್ದು. ನಿವೃತ್ತರಾದ ಒಬ್ಬ ಡಾಕ್ಟರಿಂದ ಕೊಂಡಿದ್ದೆ. ನೆಲಮಂಗಲದ ನಮ್ಮ ಮನೆಯಿಂದ ದಿನಾ ಅದರಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. ಜೊತೆಗೆ ಕೆಲಸ ಮಾಡುವ ಮೂವರನ್ನು ಹತ್ತಿಸಿಕೊಂಡರೆ ಹೈವೇಯ ಏರಿನಲ್ಲಿ ಅದಕ್ಕೆ ಉಸಿರೇ ಬರುತ್ತಿರಲಿಲ್ಲ. ಹಿಂದೆ ಲಾರಿಗಳು ಒಂದೇ ಸಮನೆ ಹಾರನ್ ಒತ್ತುತ್ತಿದ್ದವು. ಹೊಸ ಕಾರು ತಗೊ ಎಂದು ಗಂಡ ಹೇಳಿದರು. ನನಗೆ ಇದರ ಮೇಲೇ ಮನಸ್ಸು. ಇಂಟರ್ನೆಟ್ಟಿನಲ್ಲಿ ಓದಿ, ವಿಡಿಯೊ ನೋಡಿ, ಕೊಯಮತ್ತೂರಿನಿಂದ ದೊಡ್ಡ ಕಾರ್ಬುರೇಟರೊಂದನ್ನೂ ರೇಸಿನ ಕಾರುಗಳಿಗೆ ಹಾಕುವಂಥ ಕ್ಯಾಮ್‌ಶಾಫ್ಟನ್ನೂ ತರಿಸಿದೆ. ಎಂಜಿನ್ನಿನ ವಾಲ್ವುಗಳು ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಧರಿಸುವುದು ಈ ಕ್ಯಾಮ್‌ಶಾಫ್ಟ್. ಹೆಚ್ಚು ಹೊತ್ತು ತೆರೆದಿದ್ದರೆ ವೇಗದಲ್ಲಿ ಬಲ ಹೆಚ್ಚು ಎಂದು ಓದಿದ್ದೆ. ನಿಂತಲ್ಲೇ ಎಂಜಿನ್ ಓಡುವಾಗ ಏನಾಗುತ್ತದೆ ಎಂದೂ ಅಲ್ಲೇ ಬರೆದಿತ್ತು. ನಾನದನ್ನು ಓದಿಯೂ ದಾಟಿಹೋದೆ.

ಎರಡನ್ನೂ ಕೂಡಿಸಿಕೊಟ್ಟವರು ನಮ್ಮ ಊರಿನ ವಯಸ್ಸಾದ ಮೆಕ್ಯಾನಿಕ್. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುವುದು. ಅವರು ಸಾಮಾನನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಬೇಕೇ ಬೇಕಾ ಎಂದು ಒಂದೇ ಒಂದು ಸಲ ಕೇಳಿದರು. ಬೇಕು ಎಂದೆ. ಮಾರನೆಯ ದಿನ ಅದೇ ಏರಿನಲ್ಲಿ ಕಾರು ಚಿಮ್ಮಿಕೊಂಡು ಹೋಯಿತು. ಹಿಂದೆ ಕೂತಿದ್ದವರು ಸೀಟು ಹಿಡಿದುಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಗಡಗಡ ಅಲುಗಾಡುತ್ತಿತ್ತು, ಕಣ್ಣು ಉರಿಯುವಂಥ ವಾಸನೆ ಬರುತ್ತಿತ್ತು. ಪೆಟ್ರೋಲ್ ಹೆಚ್ಚು ಬಿಡದಿದ್ದರೆ ಬಂದ್ ಆಗಿಬಿಡುತ್ತಿತ್ತು. ಕಿಟಕಿ ಏರಿಸಿಕೊಂಡು ಸುಮ್ಮನಿದ್ದೆ.

ಅಷ್ಟರಲ್ಲಿ ಕಾರಿನ ನೋಂದಣಿ ನವೀಕರಿಸುವ ಕಾಲ ಬಂತು. ಹದಿನೈದು ದಿನ ಉಳಿದಿತ್ತು. ಆರ್‌ಟಿಓ ಕಚೇರಿಗೆ ಹೋಗುವ ಮುನ್ನ ಹೊಗೆ ತಪಾಸಣೆಯ ಚೀಟಿ ಬೇಕು. ಪೆಟ್ರೋಲ್ ಬಂಕಿನ ಪಕ್ಕದ ತಪಾಸಣೆ ಅಂಗಡಿಯವನು ಸೈಲೆನ್ಸರಿನೊಳಗೆ ಯಂತ್ರದ ಉದ್ದನೆಯ ಕೊಳವೆ ತೂರಿಸಿದ. ನನ್ನ ಕಾರಿನಷ್ಟು ಹಳೆಯ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ ಶೇಕಡಾ ಮೂರರವರೆಗೆ ಇರಬಹುದು. ಪರದೆಯ ಮೇಲೆ ಅಂಕಿ ಏರುತ್ತಾ ಏರುತ್ತಾ ಐದು ಮುಕ್ಕಾಲಿಗೆ ನಿಂತಿತು. ಅವನಿಗೆ ಅದೇನೂ ದೊಡ್ಡ ವಿಷಯವಾಗಿ ಕಾಣಲಿಲ್ಲ.

"ಐದ್ ನಿಮಿಷ ಕೂತ್ಕೊಳಿ ಮೇಡಂ. ಆ ಬಿಳೀ ಕಾರು ಬಂದೈತಲ್ಲ, ಅದ್ರದ್ದು ಹೊಗೆ ತೋರ್ಸಿ ನಿಮ್ ನಂಬರ್ ಪ್ಲೇಟ್ ಫೋಟೊ ಹಾಕ್ಬಿಡ್ತೀನಿ" ಎಂದ.

ನಾಳೆ ಬರ್ತೀನಿ ಎಂದು ಹೇಳಿ ಹೊರಟುಬಂದೆ. ಅದು ಪ್ರಾಮಾಣಿಕತೆ ಎಂದು ಈಗ ಹೇಳಿಕೊಳ್ಳಲಾರೆ. ಅರ್ಧಕ್ಕರ್ಧ ಸಿಕ್ಕಿಬೀಳುವ ಭಯ. ಕಾರ್ಖಾನೆಯಲ್ಲಿ ಯಾರಿಗಾದರೂ ತಿಳಿದರೆ, ಬೇರೆಯವರ ಸಾಮಾನನ್ನು ಕೆಂಪು ಟ್ರೇಗೆ ಹಾಕಲು ನನಗೆ ಮುಖ ಎಲ್ಲಿ ಉಳಿಯುತ್ತದೆ? ಅವತ್ತಿನಿಂದ ನೆಮ್ಮದಿ ಹೋಯಿತು. ರಸ್ತೆಯಲ್ಲಿ ಪೊಲೀಸರನ್ನು ಕಂಡರೆ ಪಕ್ಕದ ಬೀದಿಗೆ ತಿರುಗಿಬಿಡುತ್ತಿದ್ದೆ. ಉಸ್ತಾದರು ಬಂಧುಗಳ ಮದುವೆಗೆಂದು ಹೊಸಕೋಟೆಗೆ ಹೋಗಿದ್ದರು, ಬರುವುದು ವಾರವಾಗುತ್ತದೆ ಎಂದು ಅವರ ಮನೆಯವರು ಹೇಳಿದರು. ಅಲ್ಲಿಯವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ನಾನೇ ಸರಿಮಾಡುತ್ತೇನೆ ಎಂದುಕೊಂಡೆ.

ಆ ಭಾನುವಾರ ಬೆಳಿಗ್ಗೆ ಕಾರ್ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತೆ. ಗಂಡ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದರು. ಡಿಸೆಂಬರಿನ ಚಳಿ. ಗಾಳಿ ಒಳಗೆ ಬರುತ್ತದೆಂದು ಷಟರನ್ನು ಮೊಣಕಾಲಿನವರೆಗೆ ಇಳಿಸಿದ್ದೆ. ಕಾರಿನ ಮುಂಭಾಗ ಷಟರಿನ ಕಡೆಗಿತ್ತು, ಸೈಲೆನ್ಸರ್ ಹಿಂದಿನ ಗೋಡೆಯ ಕಡೆಗೆ. ಅತ್ತೆಗೆ, ಎಂದರೆ ನನ್ನ ಗಂಡನ ತಾಯಿಗೆ, ಆಗ ಎಪ್ಪತ್ತು ದಾಟಿತ್ತು. ಮನೆಯಲ್ಲಿ ಒಬ್ಬರೇ ಕೂರಲು ಬೇಸರವೆಂದು ಅವರು ಅವರೆಕಾಯಿಯ ಮೊರ ಹಿಡಿದುಕೊಂಡು ಬಂದು, ಚಳಿ ತಗುಲದ ಜಾಗವೆಂದು ಹಿಂದಿನ ಗೋಡೆಗೆ ಕುರ್ಚಿ ಹಾಕಿಕೊಂಡು ಕೂತರು. ಅವರಿಗಾಗಿ ಎತ್ತಿದ್ದ ಷಟರನ್ನು ಮತ್ತೆ ಇಳಿಸಿದೆ. ನಾನು ಎಂಜಿನ್ ಚಾಲೂ ಇಟ್ಟು ಕಾರ್ಬುರೇಟರಿನ ಸ್ಕ್ರೂವನ್ನು ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ತಿರುಗಿಸುತ್ತಿದ್ದೆ. ಪೆಟ್ರೋಲ್ ಕಡಿಮೆ ಮಾಡಿದರೆ ಬಂದ್ ಆಗುತ್ತದೆ, ಹೆಚ್ಚು ಮಾಡಿದರೆ ಹೊಗೆ. ನಡುವೆ ಸ್ಪ್ಯಾನರಿಗೆಂದು ಎರಡು ಸಲ ಮನೆಯೊಳಗೆ ಹೋಗಿಬಂದೆ. ತಲೆ ಭಾರವಾಗಿತ್ತು. ನಿದ್ದೆ ಕೆಟ್ಟದ್ದಕ್ಕೆ ಹೀಗೆ ಎಂದುಕೊಂಡೆ.

"ಯಾಕೋ ತಲೆ ಜುಮ್ ಅಂತೈತೆ ಕಣಮ್ಮ" ಎಂದರು ಅತ್ತೆ.

ಎರಡೇ ನಿಮಿಷ ಅತ್ತೆ, ಆಗೋಯ್ತು ಎಂದೆ. ತಲೆ ಎತ್ತಿ ನೋಡಲೂ ಇಲ್ಲ. ಎರಡು ನಿಮಿಷ ಹತ್ತಾಯಿತೋ ಹದಿನೈದಾಯಿತೋ ತಿಳಿಯದು. ಮೊರ ಕೆಳಗೆ ಬಿದ್ದ ಸದ್ದಾಯಿತು. ತಿರುಗಿದರೆ ಅವರ ಕುತ್ತಿಗೆ ವಾಲಿತ್ತು, ಬಾಯಿ ತೆರೆದಿತ್ತು, ಕಾಳೆಲ್ಲಾ ಚೆಲ್ಲಾಪಿಲ್ಲಿ. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ, ಷಟರ್ ಎತ್ತಿ, ಕುರ್ಚಿಯ ಸಮೇತ ಅವರನ್ನು ಹೊರಗೆ ಎಳೆದೆ. ನನಗೂ ಕಾಲು ನಿಲ್ಲುತ್ತಿರಲಿಲ್ಲ. ಅತ್ತೆ, ಅತ್ತೆ ಎಂದು ಕೆನ್ನೆ ತಟ್ಟಿದರೆ ಕಣ್ಣು ಅರೆ ತೆರೆದು ನನ್ನನ್ನು ಯಾರೋ ಹೊಸಬರನ್ನು ನೋಡುವಂತೆ ನೋಡಿದರು. ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಕಾರು ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ಡಾಕ್ಟರಮ್ಮ ಆಮ್ಲಜನಕದ ಮುಖವಾಡ ಹಾಕಿಸಿದ ಮೇಲೆ ನನ್ನನ್ನು ಹೊರಗೆ ಕರೆದು, ಏನಾಯಿತೆಂದು ಕೇಳಿದರು. ಹೇಳಿದೆ. ಇದು ಕಾರ್ಬನ್ ಮಾನಾಕ್ಸೈಡಿನ ವಿಷ, ಅದಕ್ಕೆ ವಾಸನೆಯೇ ಇಲ್ಲ, ಕಣ್ಣು ಉರಿಸಿದ್ದು ಬೇರೆ ಹೊಗೆ, ಇನ್ನರ್ಧ ಗಂಟೆ ಹೋಗಿದ್ದರೆ ತಮ್ಮಿಂದ ಏನೂ ಮಾಡಲಾಗುತ್ತಿರಲಿಲ್ಲ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪರದೆಯ ಮೇಲೆ ಕಂಡ ಆ ಐದು ಮುಕ್ಕಾಲನ್ನು ನಾನು ಆವರೆಗೆ ಕಚೇರಿಯ ಒಂದು ಅಡ್ಡಿ ಎಂದು ಮಾತ್ರ ತಿಳಿದಿದ್ದೆ. ಗಂಡ ಊರಿಂದ ಬಂದವರು ತಾಯಿಯ ಕೈ ಹಿಡಿದುಕೊಂಡು ಕೂತರು. ಎರಡು ದಿನದ ಮೇಲೆ ಅತ್ತೆಯನ್ನು ಮನೆಗೆ ಕಳಿಸಿದರು.

ಉಸ್ತಾದರು ಮದುವೆ ಮುಗಿಸಿ ಬಂದವರೇ ವಿಷಯ ಕೇಳಿ ನೇರವಾಗಿ ನಮ್ಮ ಮನೆಗೆ ಬಂದರು. ಅತ್ತೆಯನ್ನು ಮಾತಾಡಿಸಿ, ಆಮೇಲೆ ಶೆಡ್ಡಿಗೆ ನಡೆದರು. ಕಾರಿನ ಮುಚ್ಚಳ ಎತ್ತದೆ ಅದರ ಮೇಲೆ ಕೈ ಊರಿ ನಿಂತರು.

"ಹಿಂಗಾಗತ್ತೆ ಅಂತ ನಂಗೆ ಗೊತ್ತಿತ್ತಮ್ಮ. ಆ ಕ್ಯಾಮ್ ನಿಂತಲ್ಲಿ ಪೆಟ್ರೋಲ್ ಸುಡಲ್ಲ, ಹಂಗೇ ಉಗುಳತ್ತೆ. ನೀವು ಸ್ಪೀಡ್ ಕೇಳಿದ್ರಿ, ನಾನು ಕೊಟ್ಬಿಟ್ಟೆ. ಹೇಳ್ಬೇಕಿತ್ತು" ಎಂದರು.

"ನಾನು ಓದಿದ್ದೆ ಉಸ್ತಾದ್" ಎಂದೆ.

ಷಟರನ್ನು ಪೂರ್ತಿ ಎತ್ತಿ, ಕಾರನ್ನು ಬೀದಿಗೆ ತಳ್ಳಿ ಕೆಲಸ ಮಾಡಿದೆವು. ಹಳೆಯ ಕ್ಯಾಮ್‌ಶಾಫ್ಟನ್ನೇ ವಾಪಸ್ ಕೂಡಿಸಿದೆವು. ದೊಡ್ಡ ಕಾರ್ಬುರೇಟರನ್ನು ಉಳಿಸಿಕೊಂಡರೂ ಎಂಜಿನ್ ನಿಂತಲ್ಲೇ ಓಡುವಾಗ ಪೆಟ್ರೋಲ್ ಬಿಡುವ ಅದರ ಜೆಟ್ಟನ್ನು ಉಸ್ತಾದರು ಬದಲಿಸಿ ಸಣ್ಣದು ಹಾಕಿದರು. ಪ್ಲಗ್ಗುಗಳು, ಗಾಳಿಯ ಫಿಲ್ಟರು ಹೊಸವು. ಎಂಜಿನ್ನಿಗೆ ಸೈಲೆನ್ಸರ್ ಕೊಳವೆ ಸೇರುವಲ್ಲಿ ಹೊಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಬಿರಿದಿತ್ತು, ಅದನ್ನೂ ಬದಲಿಸಿದೆವು. ಎಂಜಿನ್ ಸದ್ದು ಒಂದೇ ಸಮನಾಯಿತು. ಆದರೂ ನನಗೆ ನಂಬಿಕೆ ಹುಟ್ಟಲಿಲ್ಲ. ಹತ್ತಿರ ಹೋದರೆ ಉಸಿರು ಬಿಗಿ ಹಿಡಿಯುತ್ತಿದ್ದೆ.

ಗಡುವಿಗೆ ಎರಡು ದಿನ ಇರುವಾಗ ಅದೇ ಅಂಗಡಿಗೆ ಹೋದೆ. ಅವನು ಈ ಸಲವೂ ಬೇರೆ ಗಾಡಿಗಾಗಿ ಸುತ್ತ ನೋಡಿದ. ನನ್ನ ಗಾಡಿಯದ್ದೇ ನೋಡಿ, ಎರಡು ಸಲ ನೋಡಿ ಎಂದೆ. ಕೊಳವೆ ಹಾಕಿದ. ಒಂದು ದಾಟಿತು, ಎರಡು ದಾಟಿತು. ಎರಡೂಕಾಲರ ಹತ್ತಿರ ತೂಗಿ ನಿಂತಿತು. ಎರಡನೆಯ ಸಲ ಅದಕ್ಕಿಂತ ತುಸು ಕಡಿಮೆ. ಆರ್‌ಟಿಓ ಕಚೇರಿಯ ಇನ್ಸ್‌ಪೆಕ್ಟರ್ ಮುಚ್ಚಳ ಎತ್ತಿಸಿ, ಈ ಕಾರ್ಬುರೇಟರ್ ಗಾಡಿಯ ಜೊತೆ ಬಂದದ್ದಾ ಎಂದು ಕೇಳಿದರು. ಅಲ್ಲ ಸಾರ್, ದೊಡ್ಡದು ಹಾಕಿದ್ದೀನಿ ಎಂದೆ. ಅವರು ಚೀಟಿಯನ್ನೂ ಎಂಜಿನ್ ನಂಬರನ್ನೂ ಬಹಳ ಹೊತ್ತು ನೋಡಿ, ಹೊಗೆ ಮಿತಿಯೊಳಗಿದೆ, ಎಂಜಿನ್ ಅದೇ ಇದೆ ಎಂದು ಸಹಿ ಹಾಕಿದರು.

ಖುಷಿಯಾಗಬೇಕಿತ್ತು. ಮನೆಗೆ ಬಂದು ಹೇಳಿದೆ. ಒಳ್ಳೇದಾಯ್ತು ಬಿಡು ಎಂದ ಅತ್ತೆ, ಕಾಫಿ ಕೊಟ್ಟು, ಐದು ನಿಮಿಷದ ಮೇಲೆ ಮತ್ತೆ ಅಡುಗೆಮನೆಯಿಂದ, ಏನಾಯ್ತಮ್ಮ ನಿನ್ ಕಾರಿಂದು ಎಂದು ಕೇಳಿದರು.

ಅದಾಗಿ ಎರಡು ವರ್ಷವಾಗಿದೆ. ಅತ್ತೆ ಆರೋಗ್ಯವಾಗಿದ್ದಾರೆ, ನನ್ನ ಪಕ್ಕದ ಸೀಟಿನಲ್ಲಿ ಕೂತು ಘಾಟಿಯ ದೇವಸ್ಥಾನಕ್ಕೂ ಹೋಗಿಬಂದಿದ್ದಾರೆ. ಆದರೆ ಆಗಾಗ ಹಾಲು ಒಲೆಯ ಮೇಲಿಟ್ಟು ಮರೆಯುತ್ತಾರೆ, ಮೊಮ್ಮಗಳ ಹೆಸರಿಗೆ ತಡಕಾಡುತ್ತಾರೆ. ಅವತ್ತಿನ ಹೊಗೆಯಿಂದಲೇ ಹೀಗಾಯಿತಾ ಎಂದು ಕೇಳಿದರೆ, ವಯಸ್ಸಿಗೆ ಇದೆಲ್ಲ ಸಹಜ ಎಂದು ಡಾಕ್ಟರಮ್ಮ ಹೇಳುತ್ತಾರೆ. ಹೌದೆಂದು ತಲೆ ಆಡಿಸಿ ಬರುತ್ತೇನೆ. ಮುಂದಿನ ಸಲ ಹೋದಾಗ ಅತ್ತೆಯನ್ನು ಹೊರಗೆ ಕೂರಿಸಿ, ಒಳಗೆ ಹೋಗಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೇನೆ.