ಬೆನ್ನ ಹಿಂದೊಂದು ಬಚ್ಚಲುಮನೆ

ಎಲ್ಲಿಗಾದರೂ ಹೊರಡಬೇಕೆಂದ ದಿನ ನನ್ನ ಅಮ್ಮ ಬೆಳಗಿನ ಕಾಫಿ ಕುಡಿಯುತ್ತಿರಲಿಲ್ಲ. ಮೈಸೂರಿನಿಂದ ಸೀರೆಯ ಮಡಿಕೆಯಲ್ಲಿ ಸುತ್ತಿ ತಂದ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುತ್ತಿತ್ತು, ಲೋಟದಲ್ಲಿ ನೊರೆ ಏಳುತ್ತಿತ್ತು, ಅವಳು ಅದನ್ನು ಆಸೆಯಿಂದ ನೋಡಿ ಪಕ್ಕಕ್ಕೆ ಸರಿಸುತ್ತಿದ್ದಳು. ಆರು ತಿಂಗಳಿಗೆಂದು ಹ್ಯೂಸ್ಟನ್ ಪಕ್ಕದ ನಮ್ಮ ಶುಗರ್ ಲ್ಯಾಂಡ್ ಮನೆಗೆ ಬಂದವಳು, ನಾಲ್ಕು ತಿಂಗಳಾದರೂ ದೇವಸ್ಥಾನ ಮತ್ತು ತರಕಾರಿ ಅಂಗಡಿ ಬಿಟ್ಟರೆ ಬೇರೇನನ್ನೂ ನೋಡಿರಲಿಲ್ಲ. ಡ್ಯಾಲಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಮಗನ ಮನೆಯಲ್ಲಿದ್ದ ಚಿಕ್ಕಮ್ಮ, ಅಂದರೆ ಅಮ್ಮನ ಒಬ್ಬಳೇ ತಂಗಿ, ದಿನವೂ ಫೋನ್ ಮಾಡಿ "ಬಾರೇ ಅಕ್ಕ" ಎನ್ನುತ್ತಿದ್ದಳು. ಅಮ್ಮ "ನೀನೇ ಬಾರೇ" ಎನ್ನುತ್ತಿದ್ದಳು. ಏಳು ವರ್ಷಗಳಿಂದ ಮುಖ ನೋಡದ ಅಕ್ಕತಂಗಿಯರು ಒಂದೇ ರಾಜ್ಯದಲ್ಲಿದ್ದುಕೊಂಡು ಹೀಗೆ ಫೋನಿನಲ್ಲೇ ಉಪಚಾರ ಹೇಳಿಕೊಳ್ಳುತ್ತಿದ್ದರು. ಕೇಳಿದರೆ ಅಮ್ಮನದು ಒಂದೇ ಉತ್ತರ, ಮಂಡಿ ನೋವು.

ನೋವಿರುವುದು ಮಂಡಿಯಲ್ಲಲ್ಲ ಎಂದು ಕಂಡುಕೊಂಡವಳು ನನ್ನ ಹೆಂಡತಿ ಸುಮಾ. ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಎದ್ದು ಹೋಗಬೇಕಾದ ವಯಸ್ಸು. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ನೆರಿಗೆ ಎತ್ತಿ ಹಿಡಿದು, ಒದ್ದೆ ನೆಲದ ಮೇಲೆ, ಅಪರಿಚಿತರ ಸಾಲಿನಲ್ಲಿ ನಿಲ್ಲುವ ಸಂಕೋಚ. ಅದನ್ನು ಮಗನ ಬಳಿ ಬಾಯಿಬಿಟ್ಟು ಹೇಳಲಾರದ ನಾಚಿಕೆ. ಹೊಟ್ಟೆಯಲ್ಲಿ ಹುಟ್ಟಿದ ನನಗೆ ಕಾಣದಿದ್ದುದು ಸೊಸೆಗೆ ಒಂದು ಲೋಟ ಕಾಫಿಯಲ್ಲಿ ಕಂಡಿತು. ಆ ಕಣ್ಣಿಗೆ ನಾನು ಇವತ್ತಿಗೂ ಋಣಿ, ಅದನ್ನು ಅವಳೆದುರಿಗೆ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ಹೀಗೆ ನಮ್ಮ ಮನೆಯಂಗಳಕ್ಕೆ ಬಾಡಿಗೆಯ ಕ್ಯಾಂಪರ್ ಬಂದಿತು. ಎರಡು ಮಂಚ, ಒಂದು ಒಲೆ, ಒಂದು ಬಚ್ಚಲು ಇರುವ ಪುಟ್ಟ ಮನೆಯೊಂದನ್ನು ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯುವುದೆಂದರೆ, ಮುಂದಕ್ಕೆ ಹೋಗುತ್ತಿರುವವರೆಗೆ, ಪರಮ ಸುಖ. ಬೇಕೆಂದಾಗ ರಸ್ತೆಯ ಬದಿಗೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿದರಾಯಿತು. ಆದರೆ ಓದುಗ ಮಿತ್ರರೇ, ಹಿಂದಕ್ಕೆ ಹೋಗಬೇಕಾಗಿ ಬಂದಾಗ ಅದರ ನಿಜವಾದ ಗುಣ ತಿಳಿಯುತ್ತದೆ. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಅದರ ಬಾಲ ಬಲಕ್ಕೆ ಹೊರಳುತ್ತದೆ, ಬಲಕ್ಕೆಂದರೆ ಎಡಕ್ಕೆ. ಹದಿನೆಂಟು ವರ್ಷ ಸಂಸಾರ ಮಾಡಿಯೂ ಇಂಥ ಮೊಂಡುತನ ನಾನು ಕಂಡಿರಲಿಲ್ಲ.

ಹ್ಯೂಸ್ಟನ್ನಿನಿಂದ ಡ್ಯಾಲಸ್‌ಗೆ ನೆಟ್ಟಗೆ ಹೆದ್ದಾರಿ ಇದೆ. ನಾವು ಅದನ್ನು ಹಿಡಿಯಲಿಲ್ಲ. ಆಸ್ಟಿನ್ ಬಳಿಯ ರೌಂಡ್ ರಾಕ್‌ನಲ್ಲಿರುವ ಗೆಳೆಯನೊಬ್ಬ, ನಾವು ಹೊರಟ ಸುದ್ದಿ ತಿಳಿದು, "ನಮ್ಮನೇಲಿ ಸತ್ಯನಾರಾಯಣ ಪೂಜೆ ಕಣಯ್ಯಾ, ಐದೇ ನಿಮಿಷ, ಪ್ರಸಾದ ತಗೊಂಡು ಹೋಗ್ಬಿಡಿ" ಎಂದುಬಿಟ್ಟ. ಪ್ರಸಾದ ಬೇಡವೆನ್ನುವ ಎದೆ ನಮ್ಮವರಲ್ಲಿ ಯಾರಿಗಿದೆ? ಐದು ನಿಮಿಷಕ್ಕಾಗಿ ಗಂಟೆಗಟ್ಟಲೆ ಸುತ್ತು ಹಾಕಿ ಹೋದೆವು. ಅವನ ಬೀದಿಗೆ ಮುಂದೆ ದಾರಿಯಿಲ್ಲ. ಕೊನೆಯಲ್ಲಿದ್ದ ತಿರುಗುವ ಜಾಗದಲ್ಲೂ ಅಕ್ಕಪಕ್ಕದಲ್ಲೂ ಪೂಜೆಗೆ ಬಂದವರ ಕಾರುಗಳು. ಇದು ಗೊತ್ತಾದದ್ದು ನಮ್ಮ ಮನೆ, ಒಲೆ, ಬಚ್ಚಲು ಸಮೇತ ಒಳಗೆ ಸಿಕ್ಕಿಕೊಂಡ ಮೇಲೆ.

ಕೇಸರಿಬಾತಿನ ತಟ್ಟೆ ಹಿಡಿದೇ ಇಡೀ ಪೂಜೆ ಬೀದಿಗೆ ಬಂದಿತು.

"ಎಡಕ್ಕೆ ಹೊಡೀರಿ ಸಾರ್!"

"ಅಯ್ಯೋ, ಬಲಕ್ಕೆ! ಫುಲ್ ಕಟ್ ಮಾಡಿ!"

ನಾನು ಎಲ್ಲರ ಮಾತನ್ನೂ ಕೇಳಿದೆ. ಕ್ಯಾಂಪರ್ ಬೀದಿಗೆ ಅಡ್ಡಲಾಗಿ ಮಡಚಿಕೊಂಡು, ಹೊಳೆಯುವ ಹೊಸ ಕಾರೊಂದರಿಂದ ಒಂದು ಗೇಣು ದೂರದಲ್ಲಿ ನಿಂತಿತು. ಬೆವರೊರೆಸಿಕೊಳ್ಳುತ್ತಿದ್ದ ನನ್ನ ಕಿಟಕಿಯ ಬಳಿ ಅಮ್ಮ ಬಂದು ಮೆಲ್ಲಗೆ ಹೇಳಿದಳು: "ಸಾಕು ಬಿಡೋ. ನನ್ನಿಂದ ಎಲ್ರಿಗೂ ತೊಂದರೆ. ಹೇಗಾದ್ರೂ ಹೊರಗೆ ಬಂದ್ಮೇಲೆ ಮನೆಗೇ ವಾಪಸ್ ಹೋಗೋಣ."

ಈಗ ಹಿಂದಿರುಗಿದರೆ ಇವಳು ಇನ್ನೊಮ್ಮೆ ಹೊಸ್ತಿಲು ದಾಟುವುದಿಲ್ಲ, ತಂಗಿಯನ್ನು ನೋಡದೆಯೇ ವಿಮಾನ ಹತ್ತುತ್ತಾಳೆ ಎಂಬುದು ನನಗೆ ಆ ಕ್ಷಣಕ್ಕೆ ಸ್ಪಷ್ಟವಾಯಿತು.

"ಅಮ್ಮ, ನೀನೊಬ್ಳೇ ಹಿಂದೆ ಫುಟ್‌ಪಾತಿನ ಮೇಲೆ ನಿಂತ್ಕೋ," ಎಂದೆ. "ನಾನು ಬೇರೆ ಯಾರನ್ನೂ ನೋಡಲ್ಲ. ಕೈ ಬಿಚ್ಚಿದ್ರೆ ಬರ್ತೀನಿ, ಮುಷ್ಟಿ ಮಾಡಿದ್ರೆ ನಿಲ್ತೀನಿ."

ಸುಮಾ ಗಂಡಸರನ್ನೆಲ್ಲ ಕೇಸರಿಬಾತು ಆರುತ್ತದೆಂದು ನೆಪ ಹೇಳಿ ಬೀದಿಯಂಚಿಗೆ ಸರಿಸಿದಳು. ಹನ್ನೆರಡು ವರ್ಷದ ಮಗಳು ಅನಘಾ ಫೋನಿನಲ್ಲಿ ಏನನ್ನೋ ಓದಿ, "ಅಪ್ಪಾ, ಹ್ಯಾಂಡ್ ಅಟ್ ದ ಬಾಟಮ್!" ಎಂದಳು. ಸ್ಟಿಯರಿಂಗಿನ ತಳ ಹಿಡಿದರೆ ಕೈ ಸರಿದತ್ತಲೇ ಬಾಲವೂ ಸರಿಯುತ್ತದಂತೆ. ನಿಜವೇ ಆಗಿತ್ತು. ಕನ್ನಡಿಯಲ್ಲಿ ಅಮ್ಮನ ಹಸಿರು ಸೀರೆ, ಎತ್ತಿದ ಬಲಗೈ. ಹಿಂದೆ ನಿಂತಿರುವವಳು ತಾಯಿಯಾದ್ದರಿಂದ ನನಗೆ ಆತುರಪಡುವುದು ಸಾಧ್ಯವೇ ಇರಲಿಲ್ಲ. ಬಿಚ್ಚಿದ ಕೈ, ಮುಷ್ಟಿ, ಮತ್ತೆ ಬಿಚ್ಚಿದ ಕೈ. ಅಂಗುಲ ಅಂಗುಲವಾಗಿ ಅರ್ಧ ಬೀದಿ ಹಿಂದಕ್ಕೆ ಬಂದೆವು.

ಅಲ್ಲಿ ಇದ್ದಕ್ಕಿದ್ದಂತೆ ಮುಷ್ಟಿ. ಕಾರು ಅಡ್ಡವಿರಲಿಲ್ಲ, ಮರವಿರಲಿಲ್ಲ. ನೋಡುತ್ತಿದ್ದಂತೆ ಅಮ್ಮ, ಅಷ್ಟೂ ಜನರ ಕಣ್ಣೆದುರಿಗೆ, ಸೆರಗು ಸಿಕ್ಕಿಸಿಕೊಂಡು ಕ್ಯಾಂಪರಿನ ಬಾಗಿಲು ತೆರೆದು ಒಳಗೆ ಹೋದಳು. ಬೀದಿಯೆಲ್ಲ ತಟ್ಟೆ ಹಿಡಿದು ಕಾದಿತು. ಮೂರು ನಿಮಿಷದ ಮೇಲೆ ಹೊರಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಮೊದಲಿನ ಜಾಗದಲ್ಲೇ ನಿಂತು, ಯಾವ ಸಂಕೋಚವೂ ಇಲ್ಲದೆ ಅಂಗೈ ಬಿಚ್ಚಿದಳು. ನನ್ನ ಕಣ್ಣು ಮಂಜಾಗಿ, ಕನ್ನಡಿ ಕಾಣದೆ, ಇನ್ನೊಂದು ನಿಮಿಷ ನಾನೇ ತಡ ಮಾಡಿದೆ.

ಎಷ್ಟೋ ಸಲ ಅಂದುಕೊಳ್ಳುತ್ತೇನೆ, ಆ ಬೀದಿ ಅಗಲವಾಗಿದ್ದಿದ್ದರೆ ನಾವು ಪ್ರಸಾದ ತಿಂದು ಸಲೀಸಾಗಿ ಹೊರಟುಬಿಡುತ್ತಿದ್ದೆವು. ಅಮ್ಮ ಕೊನೆಯವರೆಗೂ ನಾವು ಹೊತ್ತೊಯ್ದ ಹೊರೆಯಾಗಿಯೇ ತನ್ನನ್ನು ಎಣಿಸಿಕೊಂಡಿರುತ್ತಿದ್ದಳು. ಇಕ್ಕಟ್ಟಿಗೆ ಕೃತಜ್ಞನಾಗುವುದನ್ನು ಕಲಿತದ್ದು ನಾನು ಅಲ್ಲಿ.

ಸಂಜೆ ಲಾಸ್ ಕೊಲಿನಾಸ್ ತಲುಪಿದಾಗ ಅಕ್ಕತಂಗಿಯರು ಅಪ್ಪಿಕೊಂಡು ಅತ್ತರು, ನಕ್ಕರು, ಯಾರು ಹೆಚ್ಚು ಸೊರಗಿದ್ದಾರೆಂದು ಜಗಳವಾಡಿದರು. ಆಮೇಲೆ ಚಿಕ್ಕಮ್ಮ ಕ್ಯಾಂಪರನ್ನು ಒಂದು ಸುತ್ತು ಬಂದು, ಒಳಹೊಕ್ಕು, ಮಂಚ ಮುಟ್ಟಿ, ಒಲೆ ಮುಟ್ಟಿ, ಮೂಲೆಯ ಪುಟ್ಟ ಬಾಗಿಲನ್ನು ತೆರೆದು ನೋಡಿದಳು. ಬಹಳ ಹೊತ್ತು ನೋಡಿದಳು. ಹೊರಗೆ ಬಂದು, ನಾನು ಕೇಳಿಸಿಕೊಳ್ಳುತ್ತಿರುವೆನೇನೋ ಎಂದು ಅತ್ತಿತ್ತ ನೋಡಿ, ಅಮ್ಮನ ಕಿವಿಯ ಬಳಿ ಬಗ್ಗಿದಳು.

"ಅಕ್ಕ, ನೀವು ವಾಪಸ್ ಹೋಗೋವಾಗ ನಾನೂ ಬರ್ಲಾ?"

ಅಮ್ಮ ನೇರವಾಗಿ ಮನೆಯೊಳಗೆ ಹೋಗಿ ತಂಗಿಯ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು.