ಖಾಲಿ ಹೊಟ್ಟೆಯಲ್ಲಿ ನಿಂತ ಮಾತ್ರೆ

ಅತ್ತೆಯ ವರ್ಷಾಂತಿಕದ ದಿನ ಚೆಂಬೂರಿನ ಆ ಮನೆಯಲ್ಲಿದ್ದವರು ನಾಲ್ಕೇ ಮಂದಿ: ನನ್ನ ಸೋದರಮಾವ, ಅವರ ಒಬ್ಬಳೇ ಮಗಳು ಸುಮತಿ, ಭಟ್ಟರು ಮತ್ತು ನಾನು. ಅಂದು ಅಲ್ಲಿ ನಡೆದಂಥದ್ದನ್ನು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದವನು ನಾನು. ನೀವು ನಂಬಬೇಕೆಂದೇನೂ ಇಲ್ಲ, ಕಂಡದ್ದನ್ನು ಹೇಳುತ್ತೇನೆ.

ಮಾವ ಹೋಟೆಲಿನಲ್ಲಿ ಜೀವಮಾನವಿಡೀ ದೋಸೆ ಹುಯ್ದವರು. ಆ ಕೈಗೇ ನಡುಕದ ಕಾಯಿಲೆ ಬಂತು. ಮಾತ್ರೆ ನುಂಗಿದರೆ ತುಸು ಹೊತ್ತು ಸುಮ್ಮನಿದ್ದು ಮತ್ತೆ ಶುರು. ಕೊನೆಗೆ ಡಾಕ್ಟರು, ಹೊಟ್ಟೆಯಲ್ಲೇ ಬಹಳ ಹೊತ್ತು ನಿಲ್ಲುವ ಮಾತ್ರೆ ಬರೆದುಕೊಟ್ಟರು. ಮಲಾಡಿನ ಲ್ಯಾಬಿನಲ್ಲಿ ಅಂಥವನ್ನು ಪರೀಕ್ಷಿಸುವುದೇ ನನ್ನ ಕೆಲಸ. ಗಾಜಿನ ಪಾತ್ರೆಯ ಆಮ್ಲದಲ್ಲಿ ಮಾತ್ರೆ ಉಬ್ಬಿ, ಬೆಂಡಿನಂತೆ ತೇಲುತ್ತ, ಮದ್ದನ್ನು ಚೂರುಚೂರೇ ಬಿಡುತ್ತದೆ. ಆದರೆ ಹೊಟ್ಟೆಯಲ್ಲಿ ಊಟವಿರಬೇಕು. ಖಾಲಿ ಹೊಟ್ಟೆ ಅದನ್ನು ಬೇಗನೆ ಕೆಳಗೆ ತಳ್ಳಿಬಿಡುತ್ತದೆ.

ಶ್ರಾದ್ಧ ಮಾಡುವವರು ಕೆಲಸ ಮುಗಿಯುವ ತನಕ ತುತ್ತು ಮುಟ್ಟುವಂತಿಲ್ಲ.

“ಮಾವ, ಎರಡು ಇಡ್ಲಿಯಾದ್ರೂ ತಿಂದು ನುಂಗಿ. ಇಲ್ದಿದ್ರೆ ಅದು ನಿಲ್ಲೂದಿಲ್ಲ,” ಎಂದೆ.

“ನಿನ್ನ ಅತ್ತೆಗೆ ಹಾಕುವ ಮೊದ್ಲು ನಾನು ತಿನ್ನೂದಾ? ಬದುಕಿರುವಾಗ್ಲೇ ಬಿಟ್ಟವಳಲ್ಲ ಮಾರಾಯ!”

“ಪಿಂಡ ಕೈಯಿಂದ ಬಿದ್ರೆ ಅಪ್ಪ?” ಸುಮತಿ ಕೇಳಿದಳು.

ಮಾವನ ನಗು ನಿಂತಿತು. “ಬೀಳ್ಬಾರ್ದು. ಅದೊಂದೇ ನಂಗೆ ಬೇಕಾದ್ದು.” ಬರೀ ನೀರಿನಲ್ಲಿ ಮಾತ್ರೆ ನುಂಗಿದರು.

ವಡಾಲದಲ್ಲಿ ಲೋಕಲ್ ರೈಲು ಕೆಟ್ಟು ಭಟ್ಟರು ಬರುವಾಗಲೇ ಬಹಳ ತಡವಾಗಿತ್ತು. ಪಿಂಡ ಇಡುವ ಹೊತ್ತಿಗೆ, ನನ್ನ ಲೆಕ್ಕದಲ್ಲಿ, ಮಾತ್ರೆ ಯಾವಾಗಲೋ ಜಾರಿಹೋಗಿರಬೇಕು. ಬಿದ್ದರೆ ಹಿಡಿಯೋಣವೆಂದು ಮಾವನ ಬೆರಳುಗಳನ್ನೇ ನೋಡುತ್ತ ಕೂತೆ. ಕೈ ಅಲುಗಲಿಲ್ಲ. ಕಾವಲಿಯ ಮುಂದೆ ಸೌಟು ಹಿಡಿದು ನಿಂತ ದಿನಗಳ ಕೈ ಅದು.

ಟೆರೇಸಿನಲ್ಲಿ, ನೀರಿನ ಟಾಂಕಿಯ ಪಕ್ಕ ಎಲೆ ಇಟ್ಟೆವು. ಕಾಗೆ ಬರಲೇ ಇಲ್ಲ. ಬಿಸಿಲು ರಿಫೈನರಿಯ ಚಿಮಣಿಯ ಆಚೆ ಇಳಿಯಿತು. ಮಾವ ಕೈಮುಗಿದೇ ನಿಂತಿದ್ದರು. ಕೈ ಆಗಲೂ ಗಟ್ಟಿ. ಕೊನೆಗೊಂದು ಕಾಗೆ ಬಂದು ಅನ್ನಕ್ಕೆ ಕೊಕ್ಕಿಟ್ಟಿತು. ಇಟ್ಟದ್ದೇ ತಡ, ಮುಗಿದ ಕೈಗಳು ಗಡಗಡ ನಡುಗತೊಡಗಿದವು.

ಒಬ್ಬೊಬ್ಬರ ಹೊಟ್ಟೆ ಒಂದೊಂದು ಥರ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಮಾತ್ರೆ ನಿಂತದ್ದಕ್ಕೆ ಏನಾದರೂ ಕಾರಣ ಸಿಕ್ಕೀತು. ಕಾಗೆ ಬರುವ ತನಕವೇ ಯಾಕೆ ನಿಂತಿತು? ನನಗೆ ಇವತ್ತಿಗೂ ಗೊತ್ತಿಲ್ಲ.

ಮರುವರ್ಷ ಭಟ್ಟರೇ ಒಪ್ಪಿಗೆ ಕೊಟ್ಟರು. ಮಾವ ಹಾಲು ಅವಲಕ್ಕಿ ತಿಂದು ಮಾತ್ರೆ ನುಂಗಿದರು. ಆದರೂ ಪಿಂಡ ಇಡುವಾಗ ಕೈ ನಡುಗಿತು. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಎಲೆ ಹಿಡಿದು ಟೆರೇಸಿಗೆ ಹತ್ತುವಷ್ಟರಲ್ಲಿ ಕಾಗೆ ಟಾಂಕಿಯ ಮೇಲೆ ಬಂದು ಕೂತಿತ್ತು.