ಒತ್ತಲಾಗದ ಬಟನ್ ಬರೆದವರು

ಬೆಳಗಿನ ಐದೂಮುಕ್ಕಾಲು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರಿಹೋದ ಚಹಾ. ಆಕೆ ಎದ್ದು ನಿಂತು ಫ್ರಿಜ್ಜಿನ ಬಾಗಿಲಿಗೆ ಮುಖ ಮಾಡಿ ಹೇಳುತ್ತಾರೆ: “ಬೇಡ, ವರದಿ ತೋರಿಸಿ.” ಇನ್ನೊಮ್ಮೆ ಅದನ್ನೇ ಮೆಲ್ಲಗೆ, ಮುದುಕಿಯೊಬ್ಬಳ ದನಿಯಲ್ಲಿ. ಕಂಡವರು ತಲೆ ಕೆಟ್ಟಿದೆ ಅಂದುಕೊಂಡಾರು, ಆದರೆ ಇದು ಅವರ ಹೊಟ್ಟೆಪಾಡು.

ವೆಬ್‌ಸೈಟು, ಆ್ಯಪ್‌ಗಳಲ್ಲಿ ನಾವು ಒತ್ತುವ ಬಟನ್‌ಗಳ ಮೇಲಿನ ಮಾತು ಬರೆಯುವುದು ಇವರ ಕೆಲಸ. ಹನ್ನೆರಡು ವರ್ಷವಾಯಿತು. ಒಂದು ಬಟನ್‌ಗೆ ನಲವತ್ತು ಸಾಲು ಬರೆದು ಮೂವತ್ತೊಂಬತ್ತನ್ನು ಅಳಿಸುತ್ತಾರೆ. ‘ಸಲ್ಲಿಸಿ’ ಅಂದರೆ ಜನ ಹಿಂದೆಮುಂದೆ ನೋಡುತ್ತಾರೆ, ಒತ್ತಿದರೆ ಏನು ಸಿಗುತ್ತದೆ ಎಂದು ಹೇಳಿದರೆ ಒತ್ತುತ್ತಾರೆ. “ಬಟನ್ ಮೇಲಿರೋದು ಕಂಪನಿ ಮಾತಲ್ಲ, ಒತ್ತೋರ ಮಾತು. ಅದಕ್ಕೇ ಅವರ ಬಾಯಲ್ಲಿ ಹೇಳಿ ನೋಡ್ತೀನಿ” ಅನ್ನುತ್ತಾರೆ. ಬರೆದವರು ಯಾರೆಂದು ಈವರೆಗೆ ಯಾರೂ ಕೇಳಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು ಎಂದು ತಲೆ ತಗ್ಗಿಸುತ್ತಾರೆ.

ಕಾರಣವಿದೆ. ಕಳೆದ ವರ್ಷ ರಕ್ತಪರೀಕ್ಷೆಯ ಆ್ಯಪೊಂದಕ್ಕೆ ಇವರು ಎರಡು ಬಟನ್ ಬರೆದರು. ವರದಿ ತೆರೆಯುವ ಮೊದಲು, ಮನೆಮಂದಿಗೆಲ್ಲ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುತ್ತೀರಾ ಎಂಬ ಪ್ರಶ್ನೆ. ಮೇಲಿನ ಬಟನ್: ‘ಹೌದು, ನನ್ನವರನ್ನು ಕಾಪಾಡುತ್ತೇನೆ.’ ಕೆಳಗಿನದು: ‘ಬೇಡ, ನನ್ನವರ ಚಿಂತೆ ನನಗಿಲ್ಲ.’ ಹೌದು ಅನ್ನುವವರು ನೂರಕ್ಕೆ ಹದಿನಾಲ್ಕು ಇದ್ದದ್ದು ಮೂವತ್ತೊಂದಕ್ಕೆ ಏರಿತು. ಆಫೀಸಿನಲ್ಲಿ ಚಪ್ಪಾಳೆ ಬಿತ್ತು, ಇವರೂ ಬೀಗಿದರು.

ಆ ಬಟನ್ ಒಂದು ದಿನ ಇವರ ಚಿಕ್ಕಮ್ಮನ ಫೋನಿಗೇ ಬಂತು. ತಾಯಿಯಿಲ್ಲದ ಇವರನ್ನು ಮೂರನೇ ವಯಸ್ಸಿನಿಂದ ಮಗಳಂತೆ ಸಾಕಿದವರು ಚಿಕ್ಕಮ್ಮ. ವರದಿ ನೋಡಲು ಎರಡರಲ್ಲಿ ಒಂದನ್ನು ಒತ್ತಲೇಬೇಕು. ಎಲ್ಲರ ಪರವಾಗಿ ಹೌದು ಅನ್ನಲು ತಾನ್ಯಾರು ಅನ್ನಿಸಿತು, ಬೇಡ ಅನ್ನಲು ಬೆರಳು ಏಳಲಿಲ್ಲ. ಹನ್ನೊಂದು ದಿನ ಫೋನ್ ತೆಗೆದು ನೋಡಿ ಹಾಗೇ ಇಟ್ಟರು. ಹನ್ನೆರಡನೇ ದಿನ ಬಚ್ಚಲಲ್ಲಿ ತಲೆಸುತ್ತಿ ಬಿದ್ದರು. ಸಕ್ಕರೆ ಮಿತಿಮೀರಿತ್ತು, ವರದಿಯಲ್ಲಿ ಇದ್ದದ್ದೂ ಅದೇ. ಯಾಕೆ ನೋಡಲಿಲ್ಲ ಎಂದು ಮಗಳು ರೇಗಿದಾಗ ಚಿಕ್ಕಮ್ಮ ಕೇಳಿದ್ದು ಇಷ್ಟೇ: “ನಿನ್ನ ಚಿಂತೆ ನನಗಿಲ್ಲ ಅಂತ ಹೇಗೆ ಬರ್ಕೊಡ್ಲಿ ಕಣೇ?”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಇವರಿಗೆ. ಬರೆದವಳು ನಾನೇ ಎಂದು ಹೇಳಲು ಮಾತ್ರ ನಾಲಿಗೆ ಹೊರಳಲಿಲ್ಲ. ಆರು ತಿಂಗಳಿಂದ ಚಿಕ್ಕಮ್ಮನಿಗೆ ಮುಖ ಕೊಟ್ಟು ಮಾತಾಡಲು ನಾಚಿಕೆ. ಆ ಸಾಲು ತೆಗೆಸಲು ಆಫೀಸಿನಲ್ಲಿ ಅಂಗಲಾಚಿದ್ದಾರೆ. ಅದರ ಜಾಗಕ್ಕೆ ‘ಬೇಡ, ವರದಿ ತೋರಿಸಿ’ ಎಂದು ಹಾಕಲು ಮೇಲಧಿಕಾರಿ ಒಪ್ಪಿದ್ದು ಒಂದು ವಾರದ ಪರೀಕ್ಷೆಗೆ. ಹೌದು ಅನ್ನುವವರು ಇಪ್ಪತ್ತಕ್ಕಿಂತ ಕೆಳಗಿಳಿದರೆ ಹಳೆಯ ಸಾಲೇ ವಾಪಸು ಬರುತ್ತದೆ. ಇದು ಏಳನೇ ಬೆಳಗು.

ಆರು ಗಂಟೆಗೆ ಅಂಕಿ ಬರುತ್ತದೆ: ಇಪ್ಪತ್ತೆರಡು. ಹೊಸ ಸಾಲು ಉಳಿಯಿತು. ಆಕೆಯ ಮುಖ ಅರಳುವುದಿಲ್ಲ. “ಗೆದ್ದೆ ಅನ್ನೋ ಹಾಗಿಲ್ಲ. ನೂರರಲ್ಲಿ ಒಂಬತ್ತು ಜನ ಆವಾಗ ನಾಚಿಕೆಗೆ ಹೌದು ಅಂದಿದ್ರು ಅಂತ ಆಯ್ತಲ್ಲ.”

ಅಷ್ಟರಲ್ಲಿ ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಚಹಾಕ್ಕೆ ಬರುತ್ತಾರೆ. ಮಗಳು ಲ್ಯಾಪ್‌ಟಾಪ್ ಮುಚ್ಚಿ, ಮೇಜು ನೋಡುತ್ತಲೇ ಎಲ್ಲವನ್ನೂ ಹೇಳಿಬಿಡುತ್ತಾರೆ. ಚಿಕ್ಕಮ್ಮ ಲೋಟ ಕೆಳಗಿಡುತ್ತಾರೆ. “ಊಟ ಬೇಡ ಅಂತ ನೀನು ಹಟ ಮಾಡಿದಾಗೆಲ್ಲ, ಹಾಗಾದ್ರೆ ನಾನೂ ನಿನಗೆ ಬೇಡ ಅಂತ ಹೇಳಿ ತಿನ್ನಿಸ್ತಿದ್ದೆ. ಅದನ್ನ ಕಲಿಸಿದೋಳು ನಾನೇ ಬಿಡು.” ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಇನ್ನೇನು ಆಸೆ ಎಂದು ಕೇಳಿದರೆ ಮಗಳು ಹೇಳುತ್ತಾರೆ: “ನಾನು ಬರೆದದ್ದು ಒತ್ತಿದೋರ ನೆನಪಲ್ಲೂ ಉಳೀಬಾರದು. ಸಾಕು.”

ಮೊನ್ನೆ ಕೊಟ್ಟ ರಕ್ತದ ವರದಿ ಬಂದಿದೆ. ಚಿಕ್ಕಮ್ಮ ಕನ್ನಡಕ ಏರಿಸಿ, ಯಾರನ್ನೂ ಕೇಳದೆ ಫೋನ್ ಒತ್ತುತ್ತಾರೆ. ಸಕ್ಕರೆ ಇಳಿದಿದೆ ಅನ್ನುತ್ತಾರೆ. ಯಾವ ಬಟನ್ ಒತ್ತಿದಿರಿ ಎಂದು ಮಗಳು ಅಳುಕುತ್ತಲೇ ಕೇಳುತ್ತಾರೆ.

“ಯಾವ ಬಟನ್ನೇ?” ಅನ್ನುತ್ತಾರೆ ಚಿಕ್ಕಮ್ಮ.